ಸೂಕ್ತ ಅಭ್ಯರ್ಥಿ ಸಿಗಲಿಲ್ಲ

ಡಾಕ್ಟರ್ ಲಕ್ಷ್ಮೀ ಸಿದ್ದಿ ನಮ್ಮ ವಿಭಾಗಕ್ಕೆ ಪಾಠ ಮಾಡಲು ಬರುವುದೆಂದರೆ ಅದೊಂದು ಸಣ್ಣ ಯಾತ್ರೆ. ಬೆಳಿಗ್ಗೆ ಐದಕ್ಕೆ ಎದ್ದು, ತಮ್ಮ ವಾಡಾದಿಂದ, ಅಂದರೆ ಕಾಡಂಚಿನ ಹಾಡಿಯಿಂದ, ಡಾಂಬರು ರಸ್ತೆಯವರೆಗೆ ಕಾಲ್ನಡಿಗೆ. ಬಸ್ಸು ಬಂದರೆ ಬಸ್ಸು, ಬರದಿದ್ದರೆ ಹಾಲಿನ ಗಾಡಿ. ಖಾನಾಪುರದಲ್ಲಿ ಇಳಿದು ಬೆಳಗಾವಿ ಬಸ್ಸು, ಬೆಳಗಾವಿಯಲ್ಲಿ ಇಳಿದು ಹಿಂಡಲಗಾ ಕಡೆಯ ಸಿಟಿ ಬಸ್ಸು. ಆ ಬಸ್ಸಿನ ಕಂಡಕ್ಟರ್ "ಜೇಲ್, ಯುನಿವರ್ಸಿಟಿ, ಜೇಲ್, ಯುನಿವರ್ಸಿಟಿ" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಎರಡೂ ಒಂದೇ ರಸ್ತೆಯಲ್ಲಿವೆ, ಅವನದೇನೂ ತಪ್ಪಿಲ್ಲ. ಇಷ್ಟೆಲ್ಲ ದಾಟಿ ಒಂದು ದಿನ ಒಂಬತ್ತೂವರೆಗೆ ಗೇಟಿಗೆ ಬಂದರೆ, ಹೊಸ ಸೆಕ್ಯುರಿಟಿ ಹುಡುಗ ಆಕೆಯ ಬಣ್ಣ ನೋಡಿ, ಗುಂಗುರು ಕೂದಲು ನೋಡಿ, ವಿದೇಶಿ ವಿದ್ಯಾರ್ಥಿಗಳ ಆಫೀಸು ಆ ಕಡೆ ಇದೆ ಎಂದು ಹಿಂದಿಯಲ್ಲಿ ಕೈ ತೋರಿಸಿದ.

"ನಮ್ಮೂರು ಖಾನಾಪುರ ತಾಲೂಕ ಐತೋ ತಮ್ಮಾ. ನಿಂದ್ಯಾವ ಊರು?" ಎಂದರು ಮೇಡಂ.

"ರಾಯಬಾಗ ರೀ," ಎಂದ ಅವನು, ತಬ್ಬಿಬ್ಬಾಗಿ.

"ಹಂಗಾರ ನಿನಗಿಂತ ನಾನ ಇಲ್ಲಿಗೆ ಹತ್ತಿರದಾಕಿ. ಗೇಟ್ ತಗಿ."

ಒಳಗೆ ಬಂದ ಮೇಲೆ ಕೂರಲು ಜಾಗವಿಲ್ಲ. ಆಕೆ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಕರೆಯುತ್ತಾರೆಯೇ ಹೊರತು ಅತಿಥಿಗೆ ಕುರ್ಚಿ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ಜೆರಾಕ್ಸ್ ಖೋಲಿಯಲ್ಲಿ ಹಳೆಯ ಉತ್ತರ ಪತ್ರಿಕೆಗಳ ಗಂಟುಗಳಿವೆ. ಅದರಲ್ಲಿ ಗಟ್ಟಿಯಾದದ್ದೊಂದನ್ನು ನೋಡಿ ಕೂರುತ್ತಾರೆ. ಪಾಠ ಮಾಡಿದ ತಾಸಿಗೆ ಮಾತ್ರ ಸಂಬಳ. ಉಳಿದ ತಾಸುಗಳಲ್ಲಿ ಮಾಡುವ ಕೆಲಸಕ್ಕೆ ಡೀನ್ ಸಾಹೇಬರು ಇಟ್ಟ ಹೆಸರು ಸೇವೆ.

ನಾನು ಬಂಡೆಪ್ಪ, ಶಿಕ್ಷಣ ವಿಭಾಗದ ಅಟೆಂಡರ್. ಹೊರಗುತ್ತಿಗೆಯವನು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ಕೇಳಬೇಡಿ. ಊರು ಕಾಕತಿ, ಓದಿದ್ದು ಹತ್ತನೇ ಇಯತ್ತೆ. ಆದರೆ ನನಗೆ ಓದಲು ಬರುವುದಿಲ್ಲ ಎಂದು ವಿಭಾಗದಲ್ಲಿ ಎಲ್ಲರೂ ತಿಳಿದಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ. ಓದಲು ಬಾರದವನ ಮುಂದೆ ಜನ ಫೈಲು ತೆರೆದೇ ಇಡುತ್ತಾರೆ, ಫೋನಿನಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಾರೆ. ಚಹಾದ ತಟ್ಟೆ ಹಿಡಿದು ನಾನು ಆರು ವರ್ಷದಲ್ಲಿ ಕಲಿತದ್ದು ಯಾವ ಪದವಿಯಲ್ಲೂ ಸಿಗುವುದಿಲ್ಲ.

ಸಿದ್ದಿಯರು ಯಾರೆಂದು ತಿಳಿಯದವರಿಗೆ ಎರಡು ಮಾತು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು, ಗುಲಾಮರಾಗಿ ದುಡಿಸಿಕೊಂಡವರಿಂದ ತಪ್ಪಿಸಿಕೊಂಡು ಕಾಡು ಸೇರಿದ ಜನ ಅವರು. ಈಗ ಖಾನಾಪುರದ ಕಡೆಯೂ ಕಾಡಂಚಿನ ವಾಡಾಗಳಲ್ಲಿ ಇದ್ದಾರೆ. ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ಮಾತಿನಲ್ಲಿ ಸೇರಿಸಿ ಆಡಬಲ್ಲರು. ಅಂಥದೊಂದು ವಾಡಾದಿಂದ ಓದಿ ಪಿಎಚ್‌ಡಿ ಮಾಡಿದ ಮೊದಲ ಹೆಣ್ಣುಮಗಳು ಲಕ್ಷ್ಮೀ ಮೇಡಂ. ಸೋದರತ್ತೆ ಸಂಗವ್ವ ಸಾಕಿ ಬೆಳೆಸಿದಳು, ಹಾಸ್ಟೆಲ್ಲಿಗೆ ಬಿಟ್ಟು ಬಂದವಳೂ ಅವಳೇ. ಸಿದ್ದಿ ಮಕ್ಕಳು ಹೇಗೆ ಕಲಿಯುತ್ತಾರೆ, ಶಾಲೆ ಅವರಿಗೆ ಏನು ಮಾಡುತ್ತದೆ ಎಂಬುದೇ ಮೇಡಂ ಬರೆದ ಪ್ರಬಂಧ.

ನಾಲ್ಕು ವರ್ಷದ ಹಿಂದೆ ನಮ್ಮ ವಿಭಾಗಕ್ಕೆ ಬುಡಕಟ್ಟು ಶಿಕ್ಷಣ ಅಧ್ಯಯನ ಕೇಂದ್ರ ಮಂಜೂರಾಯಿತು. ಅದಕ್ಕೊಂದು ಷರತ್ತು ಇತ್ತು: ಬುಡಕಟ್ಟಿನವರೇ ಆದ ಒಬ್ಬ ವಿದ್ವಾಂಸರನ್ನು ಖಾಯಂ ಆಗಿ ತೆಗೆದುಕೊಳ್ಳಬೇಕು, ಅವರೇ ಕೇಂದ್ರದ ಮುಖ್ಯಸ್ಥರಾಗಬೇಕು. ಅಲ್ಲಿಯವರೆಗೆ ಡೀನ್ ಬಸವಪ್ರಸಾದ ಸರ್ ತಾತ್ಕಾಲಿಕವಾಗಿ ನೋಡಿಕೊಳ್ಳಬೇಕು. ಸರ್ ನೋಡಿಕೊಳ್ಳುತ್ತಲೇ ಇದ್ದರು. ಕೇಂದ್ರದ ಲೆಕ್ಕದಲ್ಲಿ ಕಾರು ಬಂತು, ಏಸಿ ಖೋಲಿ ಬಂತು, ಹೊರಗೆ ಹಿತ್ತಾಳೆ ಬೋರ್ಡು ಬಂತು. ತಾತ್ಕಾಲಿಕ ಎಂಬ ಶಬ್ದವನ್ನು ಬೋರ್ಡಿನಲ್ಲಿ ಬರೆಸಲು ಜಾಗ ಸಾಲಲಿಲ್ಲವಂತೆ.

ಬಸವಪ್ರಸಾದ ಸರ್ ಕೆಟ್ಟ ಮಾತು ಆಡುವವರಲ್ಲ. ಅದೇ ಅವರ ದೊಡ್ಡ ಗುಣ, ಅದೇ ನಮ್ಮ ದೊಡ್ಡ ತೊಂದರೆ. ಬೈದರೆ ತಿರುಗಿ ಬೈಯಬಹುದು, ಹೊಗಳಿದರೆ ಏನು ಮಾಡುವುದು? "ನಮ್ಮ ಲಕ್ಷ್ಮೀ, ನಮ್ಮ ಹೆಮ್ಮಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಕೇಂದ್ರದ ಬಣ್ಣದ ಪುಸ್ತಿಕೆಯ ಮುಖಪುಟದಲ್ಲಿ ಆಕೆಯದೇ ಫೋಟೋ. ಒಳಗಿನ ಸಿಬ್ಬಂದಿ ಪಟ್ಟಿಯಲ್ಲಿ ಹುಡುಕಿದರೆ ಹೆಸರು ಇರಲಿಲ್ಲ. ಹೊರಗಿನವರು ಯಾರೇ ಬರಲಿ, ಹಿಂದಿನ ದಿನ ಒಂದು ಕರೆ ಬರುತ್ತಿತ್ತು.

"ಲಕ್ಷ್ಮೀ, ನಾಳೆ ದಿಲ್ಲಿಯಿಂದ ಮಂದಿ ಬರಾಕತ್ತಾರ. ನಿಮ್ಮವರದು ಒಂದು ಡಮಾಮಿ ಕುಣಿತ ಇಟ್ಟುಬಿಡು. ಹತ್ತು ಮಂದಿ ಸಾಕು."

"ಸರ್, ನಾ ಒಂದು ತಾಸು ನಮ್ಮ ಮಕ್ಕಳ ಕಲಿಕಿ ಬಗ್ಗೆ ಮಾತಾಡ್ಲಿ?"

"ಮಾತಾಡಾಕ ನಾವ ಅದೀವಲ್ಲ. ನೀ ಕುಣಿಯೋರನ್ನ ಕರಕೊಂಡು ಬಾ."

ಆ ಕಲಿಕೆಯ ಬಗ್ಗೆ ಡೀನ್ ಸರ್ ಒಂದು ಪುಸ್ತಕವನ್ನೇ ತಂದಿದ್ದಾರೆ. ದಪ್ಪ ರಟ್ಟು, ಚೆಂದದ ಕಾಗದ. ಅದರ ಒಂದೊಂದು ಪುಟವನ್ನೂ ಮೇಡಂ ಆ ಜೆರಾಕ್ಸ್ ಖೋಲಿಯಲ್ಲಿ ಗಂಟಿನ ಮೇಲೆ ಕೂತು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುನ್ನುಡಿಯ ಕೊನೆಗೆ, ಡಿಟಿಪಿ ಮಾಡಿದವನ ಹೆಸರಿನ ಕೆಳಗೆ, ಆಕೆಗೂ ಒಂದು ಕೃತಜ್ಞತೆ ಸಂದಿದೆ.

ಒಮ್ಮೆ ಚಹಾ ಕೊಡುತ್ತ ಕೇಳಿದೆ: "ಮೇಡಂ, ಖಾಯಂ ಆದ್ರ ಮೊದಲು ಏನ ಮಾಡ್ತೀರಿ?"

"ಮೊದಲು ಕುರ್ಚಿ ಮ್ಯಾಲೆ ಕುಂದರ್ತೀನಿ ಬಂಡೆಪ್ಪಣ್ಣ," ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ಇಲ್ಲಿ ಬಿ.ಎಡ್ ಮಾಡೋ ಹುಡುಗೋರು ನಾಳೆ ನಮ್ಮ ಕಡಿ ಸಾಲಿಗೆ ಮಾಸ್ತರಾಗಿ ಬರ್ತಾರ. ನಮ್ಮ ಮಕ್ಕಳನ್ನ ಹಿಂದಿನ ಬೆಂಚಿಗೆ ದಬ್ಬಬ್ಯಾಡ್ರಿ ಅಂತ ಇವರಿಗೆ ವರ್ಷಾ ವರ್ಷಾ ಹೇಳೋರೊಬ್ರು ಇಲ್ಲಿ ಇರಬೇಕು. ಈ ವರ್ಷ ನಾ ಹೇಳ್ತೀನಿ. ಮುಂದಿನ ವರ್ಷ ನನ್ನ ಕರೀತಾರೋ ಇಲ್ಲೋ ಯಾರಿಗೆ ಗೊತ್ತು?"

ಆ ಖಾಯಂ ಹುದ್ದೆಗೆ ಎರಡು ಸಲ ಸಂದರ್ಶನ ಆಗಿತ್ತು. ಎರಡು ಸಲವೂ ಅರ್ಹತೆ ಇದ್ದ ಅರ್ಜಿ ಒಂದೇ, ಲಕ್ಷ್ಮೀ ಮೇಡಂದು. ಎರಡು ಸಲವೂ ಫಲಿತಾಂಶ ಒಂದೇ: ಸೂಕ್ತ ಅಭ್ಯರ್ಥಿ ಸಿಗಲಿಲ್ಲ. ಮೊದಲ ಸಲ ಅನುಭವ ಸಾಲದು ಎಂದರು. ಎರಡನೇ ಸಲ, ಉಚ್ಚಾರದಲ್ಲಿ ಕೊಂಕಣಿಯ ಛಾಯೆ ಇದೆ ಎಂದರು. ಬೆಳಗಾವಿಯಲ್ಲಿ ಕೂತು, ಅರ್ಧ ಮರಾಠಿಯಲ್ಲಿ ಫೋನು ಮಾಡುವ ಜನ ಹೇಳಿದ ಮಾತು ಇದು. ಮೂರನೇ ಸಲವೂ ಯಾರೂ ಸಿಗದಿದ್ದರೆ ಷರತ್ತನ್ನೇ ತೆಗೆದುಹಾಕಿ ಎಂದು ಮೇಲಕ್ಕೆ ಬರೆಯೋಣ ಎಂದು ಡೀನ್ ಸರ್ ಫೋನಿನಲ್ಲಿ ಹೇಳುತ್ತಿದ್ದಾಗ ನಾನು ಅವರ ಮೇಜು ಒರೆಸುತ್ತಿದ್ದೆ. ಮೂರನೆಯದು ಕೊನೆಯದು ಎಂದು ನನಗೆ ಆವತ್ತೇ ಗೊತ್ತಾಯಿತು.

ಇಲ್ಲಿ ನಮ್ಮ ಕಚೇರಿ ಅಧೀಕ್ಷಕ ಗುರುಪಾದಪ್ಪನವರ ಕೆಲಸದ ರೀತಿ ಹೇಳಬೇಕು. ಮೂವತ್ತು ವರ್ಷದ ಸೇವೆಯಲ್ಲಿ ಅವರು ಒಂದು ಸಭೆಯ ನಡಾವಳಿಯನ್ನೂ ತಡಮಾಡಿದವರಲ್ಲ. ಗುಟ್ಟು ಇಷ್ಟೇ, ಸಭೆ ಆಗುವ ಮೊದಲೇ ಅದು ಮುಗಿದ ಹಾಗೆ ಟೈಪು ಮಾಡಿ ಇಟ್ಟಿರುತ್ತಾರೆ. "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂಬ ಸಾಲು ಅವರ ಕಂಪ್ಯೂಟರಿನಲ್ಲಿ ಸದಾ ಸಿದ್ಧ. ಒಮ್ಮೆ ಊಟದ ವ್ಯವಸ್ಥೆಯನ್ನು ಸದಸ್ಯರೆಲ್ಲ ಮೆಚ್ಚಿಕೊಂಡರು ಎಂದು ಬರೆದಿಟ್ಟಿದ್ದರು. ಆವತ್ತು ಊಟದವನು ಬರಲೇ ಇಲ್ಲ, ಸದಸ್ಯರು ಬಾಳೆಹಣ್ಣು ತಿಂದು ಸಹಿ ಮಾಡಿ ಹೋದರು. ಯಾರೂ ಓದಿ ನೋಡದ ಕಾರಣ ಈ ಪದ್ಧತಿ ನಿರಾತಂಕವಾಗಿ ನಡೆದುಕೊಂಡು ಬಂದಿತ್ತು.

ಮೂರನೇ ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಗುರುಪಾದಪ್ಪ ನನ್ನನ್ನು ಕರೆದರು.

"ಬಂಡ್ಯಾ, ಹೊರಗಿನ ತಜ್ಞರು ಸದಾಶಿವನಗರದ ಗೆಸ್ಟ್ ಹೌಸಿನ್ಯಾಗ ಇಳದಾರ. ಈ ಫೈಲಿಗೆ ಅವರದು ಸಹಿ ತಗೊಂಡು ಬಾ. ನಾಳೆ ಅವರು ಲಗೂನ ಗೋವಾಕ್ಕ ಹೋಗಬೇಕಂತ."

ಸಿಟಿ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಫೈಲು ತೊಡೆಯ ಮೇಲಿತ್ತು, ನನಗೂ ಬೇರೆ ಕೆಲಸವಿರಲಿಲ್ಲ. ತೆರೆದೆ. ನಾಳೆಯ ತಾರೀಖು ಹಾಕಿದ ನಡಾವಳಿ. "ಸಮಿತಿಯು ಅಭ್ಯರ್ಥಿ ಡಾ. ಲಕ್ಷ್ಮೀ ಸಿದ್ದಿ ಇವರನ್ನು ಐವತ್ತು ನಿಮಿಷಗಳ ಕಾಲ ಸಂದರ್ಶಿಸಿತು. ಬುಡಕಟ್ಟು ಮಕ್ಕಳ ಶಿಕ್ಷಣ ಕುರಿತು ಕೇಳಿದ ಪ್ರಶ್ನೆಗಳಿಗೆ ಅಭ್ಯರ್ಥಿಯು ಸಮರ್ಪಕ ಉತ್ತರ ನೀಡಲಿಲ್ಲ. ಸೂಕ್ತ ಅಭ್ಯರ್ಥಿ ಸಿಗಲಿಲ್ಲ." ಕೆಳಗೆ ಡೀನ್ ಸಾಹೇಬರ ಸಹಿ ಆಗಲೇ ಬಿದ್ದಿತ್ತು.

ಎರಡು ಸಲ ಓದಿದೆ. ಸಿಟ್ಟು ಎಷ್ಟು ಬಂತೆಂದರೆ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋಗಿಬಿಟ್ಟೆ.

ತಜ್ಞರು ಮೈಸೂರು ಕಡೆಯವರು, ಸಭ್ಯರು. ಲುಂಗಿ ಉಟ್ಟುಕೊಂಡು ಟಿ.ವಿ. ನೋಡುತ್ತಿದ್ದರು. ಫೈಲು ತೆರೆದು, ಸಹಿ ಎಲ್ಲಿ ಎಂದು ಬೆರಳಿನಲ್ಲಿ ಹುಡುಕಿ, ಮಾಡಿದರು. ಮೇಲಿನದನ್ನು ಓದಲಿಲ್ಲ.

"ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನ ರಸ್ತೆ ಹೇಗಿದೆಯಪ್ಪಾ?" ಎಂದು ಕೇಳಿದರು.

"ತೆಗ್ಗು ಭಾಳ ಐತ್ರಿ ಸರ್," ಎಂದೆ. ಅಷ್ಟಾದರೂ ಹೇಳದಿದ್ದರೆ ನನಗೆ ಸಮಾಧಾನ ಇರುತ್ತಿರಲಿಲ್ಲ.

ಸಂಜೆ ಕಾಕತಿಗೆ ಹೋಗಿ ಹೆಂಡತಿ ಕಾಂತಾಳ ಮುಂದೆ ಎಲ್ಲ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತ ಕೇಳಿದಳು.

"ಆ ಮೇಡಂಗ ಫೋನ್ ಮಾಡಿ ಹೇಳಿದ್ರಿ?"

"ಹೇಳಿದ್ರ ಏನ ಮಾಡ್ತಾರ? ಬರೂದ ಬಿಡ್ತಾರ. ಬರಲಿಲ್ಲ ಅಂದ್ರ ಇವರಿಗೆ ಇನ್ನೂ ಚಲೋ ಆತು. ಅಭ್ಯರ್ಥಿ ಗೈರು ಅಂತ ಬರೀತಾರ."

"ಮತ್ತ ನೀವೇನ ಮಾಡ್ತೀರಿ?"

"ನಾ ಏನ ಮಾಡ್ಲಿ? ನಾ ಅಟೆಂಡರ್. ನೋಟಿಸ್ ಹಚ್ಚಾಂವ."

ಕಾಂತಾ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ನೋಟಿಸ್ ಹಚ್ಚಾಂವ ಅಂದ್ರ ಸಣ್ಣ ಕೆಲಸ ಅಂತ ಯಾರು ಹೇಳಿದ್ರು ನಿಮಗ?" ಎಂದಳು. ಅಷ್ಟು ಹೇಳಿ ಹಂಚು ಒಲೆಯ ಮೇಲಿಟ್ಟಳು. ನನ್ನ ಹೆಂಡತಿ ಪೂರ್ತಿ ಬಿಡಿಸಿ ಹೇಳುವವಳಲ್ಲ.

ಮರುದಿನ ಒಂಬತ್ತೂವರೆಗೆ ಗುರುಪಾದಪ್ಪ ನಡಾವಳಿಯ ಜೆರಾಕ್ಸ್ ಪ್ರತಿ ನನ್ನ ಕೈಗೆ ಕೊಟ್ಟರು. "ಸಂಜಿ ಐದಕ್ಕ ನೋಟಿಸ್ ಬೋರ್ಡಿಗೆ ಹಚ್ಚು. ಮರೀಬ್ಯಾಡ. ನಾ ನಾಲ್ಕಕ್ಕ ಹೊಂಟೀನಿ, ಮಗಳ ಮನಿಯಾಗ ಕಾರ್ಯಕ್ರಮ ಐತಿ." ಆಗಲಿ ಎಂದೆ. ಸಂದರ್ಶನ ಇದ್ದದ್ದು ಹನ್ನೊಂದಕ್ಕೆ.

ಬೋರ್ಡಿನ ಮುಂದೆ ನಿಂತೆ. ಹೊರಗುತ್ತಿಗೆಯವನ ಕೆಲಸ ಪ್ರತಿ ವರ್ಷ ಡೀನ್ ಸಾಹೇಬರ ಒಂದು ಮಾತಿನ ಮೇಲೆ ಮುಂದುವರಿಯುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದಾರೆ. ಒಂದು ಪಿನ್ನು ಕೆಳಗೆ ಬಿದ್ದು ಹುಡುಕಬೇಕಾಯಿತು. ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ. ನಾಲ್ಕು ಮೂಲೆಗೆ ನಾಲ್ಕು ಪಿನ್ನು ಚುಚ್ಚಿ, ಅಂಗೈಯಿಂದ ಒತ್ತಿ, ಚಹಾ ಇಡಲು ಹೋದೆ.

ಮೊದಲು ಓದಿದವಳು ಬಿ.ಎಡ್. ಎರಡನೇ ವರ್ಷದ ಪದ್ಮಶ್ರೀ. ಲಕ್ಷ್ಮೀ ಮೇಡಂ ತರಗತಿಯಲ್ಲಿ ಮೊದಲ ಬೆಂಚಿನ ಹುಡುಗಿ.

"ಬಂಡೆಪ್ಪ ಕಾಕಾ, ಇಂಟರ್‌ವ್ಯೂ ಆಗೇ ಹೋತೇನ್ರಿ?"

"ಇಲ್ಲವಾ. ಹನ್ನೊಂದಕ್ಕ ಐತಿ."

ಅವಳು ಮತ್ತೊಮ್ಮೆ ಓದಿದಳು, ಗಡಿಯಾರ ನೋಡಿದಳು, ಮೊಬೈಲ್ ತೆಗೆದು ಬೋರ್ಡು ಮತ್ತು ಗಡಿಯಾರ ಎರಡೂ ಬರುವ ಹಾಗೆ ಫೋಟೋ ಹೊಡೆದಳು. ಶಾಣ್ಯಾ ಹುಡುಗಿ. ಹತ್ತು ನಿಮಿಷದಲ್ಲಿ ಬೋರ್ಡಿನ ಮುಂದೆ ನಲವತ್ತು ಜನ. ಡೀನ್ ಸರ್, ಗುರುಪಾದಪ್ಪ ಇಬ್ಬರೂ ಒಳಗೆ ತಜ್ಞರ ಉಪಚಾರದಲ್ಲಿದ್ದರು, ಹೊರಗಿನದು ಅವರಿಗೆ ತಿಳಿಯಲಿಲ್ಲ.

ಹತ್ತೂವರೆಗೆ ಲಕ್ಷ್ಮೀ ಮೇಡಂ ಬಂದರು. ಇಸ್ತ್ರಿ ಮಾಡಿದ ಹಸಿರು ಸೀರೆ, ಕೈಯಲ್ಲಿ ಪ್ರಮಾಣಪತ್ರಗಳ ಫೈಲು. ಹುಡುಗರು ಸರಿದು ದಾರಿ ಬಿಟ್ಟರು.  ಆಕೆ ನಿಂತು ಓದಿದರು.  ಅಳುತ್ತಾರೇನೋ, ತಿರುಗಿ ಬಸ್ಸು ಹತ್ತುತ್ತಾರೇನೋ ಎಂದು ಹೆದರಿದೆ. ಹಚ್ಚಿ ತಪ್ಪು ಮಾಡಿದೆನೇ ಅನ್ನಿಸಿತು.

ಆಕೆ ತಿರುಗಿದರು. "ಬಂಡೆಪ್ಪಣ್ಣ, ಇಂಟರ್‌ವ್ಯೂ ಎಷ್ಟಕ್ಕ ಐತಿ?"

"ಹನ್ನೊಂದಕ್ಕ ರೀ."

"ಹಂಗಾರ ಇನ್ನ ಅರ್ಧ ತಾಸು ಐತಿ. ಒಂದು ಕಪ್ ಚಹಾ ಕೊಡ್ರಿ." ಚೀಲದಿಂದ ಪೆನ್ನು ತೆಗೆದು ಆ ನೋಟಿಸನ್ನು ತಮ್ಮ ಕೈಯಾರೆ ಒಂದು ಹಾಳೆಯಲ್ಲಿ ಬರೆದುಕೊಂಡರು. ಚಹಾ ಕುಡಿದರು. 

ಹನ್ನೊಂದಕ್ಕೆ ಒಳಗೆ ಕರೆದರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಡೀನ್ ಸರ್ ಒಂದು ಕಡೆ, ತಜ್ಞರು ಇನ್ನೊಂದು ಕಡೆ. ತಜ್ಞರ ಸೂಟ್‌ಕೇಸು ಕುರ್ಚಿಯ ಪಕ್ಕದಲ್ಲೇ ಇತ್ತು. ಮೂಲೆಯ ಕಂಪ್ಯೂಟರಿನ ಮುಂದೆ ಗುರುಪಾದಪ್ಪ, ಮುಗಿದ ಕೆಲಸದ ಮುಂದೆ ಕೂತವರ ನೆಮ್ಮದಿಯಲ್ಲಿ.

"ಬಾ ಲಕ್ಷ್ಮೀ, ಕುಂದರು," ಎಂದರು ಡೀನ್ ಸರ್. "ಆರಾಮ ಇರು, ಗಾಬರಿ ಆಗಬ್ಯಾಡ. ನಿನ್ನ ಪರಿಚಯ ಹೇಳು."

"ಹೇಳ್ತೀನ್ರಿ ಸರ್. ಅದಕ್ಕಿಂತ ಮೊದಲು ಒಂದು ವಿನಂತಿ. ನಾ ಸಮರ್ಪಕ ಉತ್ತರ ಕೊಡದ ಪ್ರಶ್ನಿ ಯಾವು ಅಂತ ಹೇಳಿದ್ರ, ಈ ಸಲ ನೆಟ್ಟಗ ಕೊಡ್ತೀನಿ."

"ಯಾವ ಪ್ರಶ್ನಿ?"

ಆಕೆ ಹಾಳೆ ಬಿಡಿಸಿ ಓದಿದರು. ಗಟ್ಟಿಯಾಗಿ, ತರಗತಿಯಲ್ಲಿ ಓದುವ ಹಾಗೆ, ತಾರೀಖಿನಿಂದ ಸಹಿಯವರೆಗೆ. ಐವತ್ತು ನಿಮಿಷ ಎಂಬಲ್ಲಿ ಒಂದು ಸಲ ನಿಲ್ಲಿಸಿ ಕೈಗಡಿಯಾರ ನೋಡಿಕೊಂಡರು.

ಡೀನ್ ಸಾಹೇಬರ ಮುಖ ಬಣ್ಣ ಬದಲಿಸಿತು. ಆದರೆ ಇದು ಸುಳ್ಳು ಎಂದು ಅವರು ಹೇಳಲಿಲ್ಲ. ಅವರು ಕೇಳಿದ್ದು ಒಂದೇ: "ಇದು ಹೊರಗ ಹೆಂಗ ಹೋತು?"

ಗುರುಪಾದಪ್ಪ ಎದ್ದು ನಿಂತರು. "ಸರ್, ನಾ ಐದಕ್ಕ ಹಚ್ಚು ಅಂತ ಹೇಳಿದ್ದೆ ರೀ."

"ಯಾರಿಗೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ನಾನ ಹಚ್ಚೀನ್ರಿ ಸರ್. ಐದಕ್ಕ ಅಂತ ಹೇಳಿದ್ದು ಖರೇ ಐತಿ. ಆದ್ರ ಓದಿದ ಮ್ಯಾಲೆ ಐದರ ತನಕಾ ತಡಕೊಳ್ಳಾಕ ಆಗಲಿಲ್ಲ."

"ನಿನಗ ಓದಾಕ ಬರ್ತೈತಿ?" ಎಂದರು ಡೀನ್ ಸರ್.

"ಮೊದಲಿಂದಾನೂ ಬರ್ತೈತ್ರಿ. ನೀವು ಕೇಳಿದ್ದಿಲ್ಲ."

"ನಾಳಿಂದ ಬರಬ್ಯಾಡ ನೀನು."

"ಆತ್ರಿ. ಇವತ್ತಿಂದು ಮುಗಿಸಿ ಹೋಗ್ತೀನಿ," ಎಂದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಒಳಗೆ ಹಗುರಾಗಿತ್ತು.

ಡೀನ್ ಸರ್ ಸಾವರಿಸಿಕೊಂಡರು. ಮತ್ತೆ ಆ ಸಿಹಿ ದನಿ ಬಂತು. "ನೋಡವಾ ಲಕ್ಷ್ಮೀ, ಇದು ಕಚೇರಿ ಹುಡುಗರ ತಪ್ಪು. ಕರಡು ಅದು, ಬರೇ ಕರಡು. ತಾಂತ್ರಿಕ ಕಾರಣದಿಂದ ಇವತ್ತಿನ ಸಂದರ್ಶನ ಮುಂದೂಡಿಬಿಡೂಣು."

"ಕರಡಿಗೆ ಇಬ್ಬರದೂ ಸಹಿ ಐತ್ರಿ ಸರ್. ಮುಗದೈತಿ ಅಂತ ಸಹಿ ಆದ ಸಭಾ ಮುಂದೂಡಾಕ ಬರೂದಿಲ್ಲ," ಎಂದರು ಮೇಡಂ. ದನಿ ಏರಿಸಲಿಲ್ಲ. "ಇದು ಸುಳ್ಳು ಅಂತ ಬರದು ಇಬ್ಬರೂ ಸಹಿ ಮಾಡ್ರಿ, ನಾ ಮನಿಗೆ ಹೋಗ್ತೀನಿ. ಇಲ್ಲಾ ಪ್ರಶ್ನಿ ಕೇಳ್ರಿ. ಐವತ್ತು ನಿಮಿಷ ಅಂತ ನೀವ ಬರದೀರಿ, ನಾ ಐವತ್ತು ನಿಮಿಷ ಕುಂದರ್ತೀನಿ."

ಕಿಟಕಿಯ ಆಚೆ ಹುಡುಗರು ತುಂಬಿದ್ದರು. ಪದ್ಮಶ್ರೀ ಮೊಬೈಲ್ ಹಿಡಿದು ನಿಂತಿದ್ದಳು. ತಜ್ಞರು ಕಿಟಕಿ ನೋಡಿದರು, ಸೂಟ್‌ಕೇಸು ನೋಡಿದರು, ತಮ್ಮ ಸಹಿ ಇದ್ದ ಕಾಗದ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಬುಡಕಟ್ಟು ಮಕ್ಕಳು ಶಾಲೆ ಬಿಡಲು ಮುಖ್ಯ ಕಾರಣ ಏನಮ್ಮಾ?"

"ನಮ್ಮ ಮಕ್ಕಳದು ಹೇಳ್ತೀನ್ರಿ ಸರ್. ಸಿದ್ದಿ ಹುಡುಗ ಅಂದ್ರ ಮಾಸ್ತರು ಓಡಾಕ ಕಳಸ್ತಾರ, ಕುಣಿಯಾಕ ಕಳಸ್ತಾರ. ಗಣಿತದ ತಾಸಿನ್ಯಾಗ ಮೈದಾನದಾಗ ಇದ್ದ ಹುಡುಗ ಪರೀಕ್ಷಾದಾಗ ನಪಾಸ ಆದ್ರ, ಇವನ ತಲಿ ಅಷ್ಟ ಅಂತಾರ. ಎರಡು ವರ್ಷ ಹಂಗ ಅನಿಸಿಕೊಂಡ ಮ್ಯಾಲೆ ಅವನೂ ಖರೇ ಅಂತ ನಂಬ್ತಾನ. ಆಮ್ಯಾಲೆ ಸಾಲಿಗೆ ಬರೂದಿಲ್ಲ."

"ಇದಕ್ಕೆ ಆಧಾರ?"

"ಏಳು ವಾಡಾ, ಮೂರು ವರ್ಷ, ಮಕ್ಕಳ ಹೆಸರ ಸಮೇತ ಪ್ರಬಂಧದಾಗ ಐತ್ರಿ. ಇನ್ನೊಂದು ಹೇಳ್ತೀನಿ. ನಮ್ಮ ಮಕ್ಕಳಿಗೆ ಅಳತಿ ಬರೂದಿಲ್ಲ ಅಂತ ಸಾಲಿಯೊಳಗ ಬರದಾರ. ನಮ್ಮಲ್ಲಿ ಕವಂದಿ ಅಂತ ಹೊಲೀತಾರ, ಹಳೇ ಸೀರಿ, ಅಂಗಿ ತುಂಡು ಸೇರಿಸಿ. ನೀವು ಕೌದಿ ಅಂತೀರಿ. ಅದರ ಅಳತಿ ಫೂಟಿನ್ಯಾಗ ಇಲ್ಲ. ಎಷ್ಟು ಮಂದಿ ಮಲಗೂದು ಅನ್ನೂದ ಅಳತಿ. ನಮ್ಮ ಸಂಗವ್ವತ್ತಿ ಮೂರು ಮಂದಿ ಕವಂದಿ ಬೇಕು ಅಂದ್ರ, ಏಳು ವರ್ಷದ ಹುಡುಗಿ ಬಟ್ಟಿ ರಾಶಿ ನೋಡಿ, ಸಾಲೂದಿಲ್ಲ, ಇನ್ನ ಎರಡು ಸೀರಿ ಬೇಕು ಅಂತಾಳ. ಅದು ಅಳತಿ ಅಲ್ಲೇನ್ರಿ? ಮೀಟರ್ ಆಮ್ಯಾಲೆ ಕಲಸಬಹುದು. ಆ ಹುಡುಗಿಗೆ ಎಷ್ಟು ಗೊತ್ತೈತಿ ಅನ್ನೂದು ಮಾಸ್ತರಗ ಮೊದಲು ಗೊತ್ತಾಗಬೇಕು."

ತಜ್ಞರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಈ ಕೌದಿಯ ವಿಷಯ ಬಸವಪ್ರಸಾದರ ಪುಸ್ತಕದಲ್ಲಿ ಓದಿದ ನೆನಪು."

"ಐತ್ರಿ. ನೂರಾ ಹನ್ನೆರಡನೇ ಪುಟದಾಗ. ಆ ಪುಟ ನಾನು ಜೆರಾಕ್ಸ್ ಖೋಲಿಯೊಳಗ ಕುಂತು ಬರದಾಗ, ಬಂಡೆಪ್ಪಣ್ಣ ಚಹಾ ತಂದು ಕೊಟ್ಟಿದ್ದ."

ಡೀನ್ ಸರ್ ಕೆಮ್ಮಿದರು. "ಕ್ಷೇತ್ರಕಾರ್ಯದ ನೆರವು ನೀನ ಕೊಟ್ಟಿದ್ದಿ. ವಿಚಾರ ನಂದು."

"ವಿಚಾರ ನಿಮ್ಮದಾದ್ರ ಒಂದು ಮಾತು ಹೇಳ್ರಿ ಸರ್. ಕವಂದಿ ಎಲ್ಲಿಂದ ಹೊಲಿಯಾಕ ಸುರು ಮಾಡ್ತಾರ?"

"ನಡುವಿಂದ," ಎಂದರು ಡೀನ್ ಸರ್, ಥಟ್ಟನೆ. "ಮಧ್ಯದಿಂದ ಸುರುವಾಗಿ ಸುತ್ತಲೂ ಹರಡತಾ ಹೋಗತೈತಿ. ಬುಡಕಟ್ಟು ಜ್ಞಾನದ ಸಂಕೇತ ಅದು. ಪುಸ್ತಕದಾಗ ವಿವರವಾಗಿ ಐತಿ."

"ಅದೊಂದು ಸಾಲು ಮಾತ್ರ ನೀವು ಸೇರಿಸಿದ್ದು. ನನ್ನ ಬರವಣಿಗಿಯೊಳಗ ಇರಲಿಲ್ಲ," ಎಂದರು ಮೇಡಂ. "ನಮ್ಮ ಹೆಣ್ಣಮಕ್ಕಳು ಮೂಲಿಯಿಂದ ಸುರು ಮಾಡ್ತಾರ. ಅಂಚು ಹಿಡಕೊಂಡು ಸುತ್ತ ಬಂದು ಬಂದು, ಕಡೀಕ ನಡುವ ಮುಗಸ್ತಾರ. ನಡುವಿಂದ ಸುರು ಮಾಡಿದ್ರ ಬಟ್ಟಿ ಮುದುಡ್ತೈತಿ. ಖಾನಾಪುರದ ಯಾವ ಸಿದ್ದಿ ಮನಿಗೆ ಹೋಗಿ ಕೇಳಿದ್ರೂ ಹೇಳ್ತಾರ್ರಿ. ಕೇಳಾಕ ಯಾರೂ ಹೋಗಿಲ್ಲ."

ಕಿಟಕಿಯಲ್ಲಿ ಯಾರೋ ನಕ್ಕರು. ಒಬ್ಬರು ನಕ್ಕದ್ದೇ ತಡ, ನಲವತ್ತು ಜನ ನಕ್ಕರು. ತಜ್ಞರ ಮುಖದಲ್ಲೂ ನಗು ಬಂದು, ಡೀನ್ ಸಾಹೇಬರನ್ನು ನೋಡಿ ವಾಪಸು ಹೋಯಿತು.

ಅಲ್ಲಿಂದ ಮುಂದೆ ತಜ್ಞರು ನಿಜವಾಗಿಯೂ ಕೇಳತೊಡಗಿದರು. ಬಹುಭಾಷೆಯ ತರಗತಿ, ಪಠ್ಯಕ್ರಮ, ಶಿಕ್ಷಕರ ತರಬೇತಿ. ಅರ್ಧ ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಒಂದು ಪ್ರಶ್ನೆಗೂ ಆಕೆ ತಡವರಿಸಲಿಲ್ಲ. ಗೊತ್ತಿಲ್ಲದ ಒಂದಕ್ಕೆ ಗೊತ್ತಿಲ್ಲ ಎಂದರು. ಚೋರ್ಲಾ ಘಾಟು ತಜ್ಞರಿಗೆ ಮರೆತೇ ಹೋದಂತಿತ್ತು. ಗೋಡೆ ಗಡಿಯಾರ ಹನ್ನೆರಡು ದಾಟಿತು.

ಡೀನ್ ಸರ್ ಕೊನೆಗೆ ಕುರ್ಚಿ ಹಿಂದಕ್ಕೆ ಸರಿಸಿದರು. "ಆತು. ನೀ ಹೊರಗ ಇರು, ನಾವು ಚರ್ಚಾ ಮಾಡಿ ಆಮ್ಯಾಲೆ ತಿಳಸ್ತೀವಿ."

"ಚರ್ಚಾ ಮಾಡ್ರಿ ಸರ್. ನಾ ಇಲ್ಲೇ ಬಾಗಲದಾಗ ಕುಂದರ್ತೀನಿ. ಹಿಂದಕ ಎರಡು ಸಲ ಮನಿಗೆ ಹೋಗಿ ಕಾದೀನಿ."

ಬಾಗಿಲ ಹೊರಗೆ ಹುಡುಗರು ನೆಲದ ಮೇಲೆ ಕೂತಾಗಿತ್ತು. ಪದ್ಮಶ್ರೀ ತರಗತಿಯಿಂದ ಒಂದು ಕುರ್ಚಿ ಎಳೆದು ತಂದಳು. ಮೇಡಂ ಬೇಡವೆಂದು ಹುಡುಗರ ನಡುವೆ ನೆಲದ ಮೇಲೇ ಕೂತರು.

"ಹನ್ನೆರಡೂವರೆ ಕ್ಲಾಸಿಗೆ ಹೋಗ್ರಿ ಎಲ್ಲಾರೂ," ಎಂದು ಡೀನ್ ಸರ್ ಒಳಗಿನಿಂದ ಕೂಗಿದರು.

"ಆ ಕ್ಲಾಸು ಲಕ್ಷ್ಮೀ ಮೇಡಂದ ಐತ್ರಿ ಸರ್," ಎಂದಳು ಪದ್ಮಶ್ರೀ. "ಅವರು ಇಲ್ಲೇ ಅದಾರ."

ಬಾಗಿಲು ಹಾಕಲು ಡೀನ್ ಸರ್ ನನಗೆ ಸನ್ನೆ ಮಾಡಿದರು. ನಾಳೆಯಿಂದ ಬರಬೇಡ ಎಂದವರ ಸನ್ನೆ ನನಗೆ ಕಾಣಿಸಲಿಲ್ಲ. ಬಾಗಿಲು ತೆರೆದೇ ಇತ್ತು.

ತಜ್ಞರು ಹಳೆಯ ನಡಾವಳಿಯಲ್ಲಿ ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು. "ಇದನ್ನು ಹೊಸದಾಗಿ ಟೈಪು ಮಾಡಬೇಕು," ಎಂದರು. ಡೀನ್ ಸರ್ ಬಾಗಿಲ ಕಡೆ ನೋಡಿ, ಫೈಲನ್ನು ಗುರುಪಾದಪ್ಪನವರ ಕಡೆ ಸರಿಸಿದರು.

ಗುರುಪಾದಪ್ಪ ಕಂಪ್ಯೂಟರಿನ ಮುಂದೆ ಕೂತು ಹಳೆಯ ಸಾಲುಗಳನ್ನು ಅಳಿಸಿದರು. ಪರದೆ ಬಿಳಿಯಾಯಿತು. ಬೆರಳು ಕೀಲಿಗಳ ಮೇಲೆ ನಿಂತವು, ಮುಂದೆ ಸಾಗಲಿಲ್ಲ. ಮೂವತ್ತು ವರ್ಷದಲ್ಲಿ ಸಭೆ ಆದ ಮೇಲೆ ಬರೆಯುವ ಪ್ರಸಂಗ ಅವರಿಗೆ ಬಂದೇ ಇರಲಿಲ್ಲ.  ಡೀನ್ ಸಾಹೇಬರ ಕಡೆ ತಿರುಗಿ ಕೇಳಿದರು.

"ಸರ್, ಏನ ಬರೀಲ್ರಿ?"

ಡೀನ್ ಸರ್ ತಜ್ಞರ ಮುಖ ನೋಡಿದರು. ತಜ್ಞರು ಮೇಜು ನೋಡಿದರು. ಹೊರಗೆ ನಲವತ್ತು ಜನ ಬಾಗಿಲ ಕಡೆ ಕಿವಿ ಕೊಟ್ಟು ಕೂತಿದ್ದರು.

ಬಾಗಿಲ ಕಡೆಯಿಂದ ಲಕ್ಷ್ಮೀ ಮೇಡಂ ಹೇಳಿದರು: "ಗುರುಪಾದಪ್ಪಣ್ಣಾರ, ಆಗಿದ್ದನ್ನ ಬರೀರಿ."